ಗುಂಡಿ ಡಬ್ಬಿಯ ಹಲ್ಲು

ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಠಾಣೆಗೆ ಬಂದ ಹೊಲಿಗೆಯಾಕೆ ಇನ್‌ಸ್ಪೆಕ್ಟರರ ಮೇಜಿನ ಮೇಲೆ ತಗಡಿನ ಡಬ್ಬಿಯೊಂದನ್ನಿಟ್ಟು ಮುಚ್ಚಳ ತೆಗೆದಳು. ಒಳಗೆ ಅಂಗಿ ಗುಂಡಿಗಳು. ಕಿಟಕಿಯ ಬಿಸಿಲಿಗೆ ಅವು ಕೊಳದ ತಳದ ಕಲ್ಲುಗಳ ಹಾಗೆ ಮಿನುಗುತ್ತಿದ್ದವು. ಅವುಗಳ ನಡುವೆ ಬಿಚ್ಚಿದ ಕಾಗದದ ಪೊಟ್ಟಣ, ಅದರಲ್ಲೊಂದು ದವಡೆ ಹಲ್ಲು.

"ಇದು ನಮ್ಮ ಯಜಮಾನರ ಹಲ್ಲಲ್ಲ ಸಾರ್. ಯಾರೋ ಬದಲಾಯಿಸಿದ್ದಾರೆ."

"ಹೇಗೆ ಹೇಳ್ತೀರಿ?"

"ಅವರದ್ದಕ್ಕೆ ಬೆಳ್ಳಿ ತುಂಬಿಸಿತ್ತು. ಇದರಲ್ಲಿ ಹುಳುಕೇ ಇಲ್ಲ."

"ಪುಣ್ಯವಂತ ಯಾರೋ," ಎಂದು ಊದಿದ ಕೆನ್ನೆ ಹಿಡಿದುಕೊಂಡು ನಿಂತಿದ್ದ ದಫೇದಾರ ಗೊಣಗಿದ.

ಆಕೆಯ ಗಂಡ ಕಾರ್ಖಾನೆಯೊಂದರಲ್ಲಿ ಕೊಳವೆಗಳ ಬೆಸುಗೆಯನ್ನು ವಿಕಿರಣದಿಂದ ಚಿತ್ರ ತೆಗೆದು ಪರೀಕ್ಷಿಸುತ್ತಿದ್ದವನು. ರಕ್ತದ ಕಾಯಿಲೆಯಿಂದ ಸತ್ತು ಎಂಟು ತಿಂಗಳಾಗಿತ್ತು. ಎಷ್ಟು ಕಿರಣ ತಾಗಿತೆಂದು ಅಳೆಯುವ ಎದೆಯ ಬ್ಯಾಡ್ಜ್ ಹನ್ನೊಂದು ವರ್ಷವೂ ಸೊನ್ನೆ ತೋರಿಸಿದೆ ಎಂದು ಕಾರ್ಖಾನೆಯವರು ಪತ್ರ ಬರೆದಿದ್ದರು. ಹಲ್ಲಿದ್ದರೆ ನಿಜ ಹೇಳಬಹುದು ಎಂದಿದ್ದು ಪ್ರಯೋಗಾಲಯದ ಡಾಕ್ಟರಮ್ಮ. ಸಾಯುವ ಮುಂಚೆ ಅವನು ಕೀಳಿಸಿಕೊಂಡಿದ್ದ ದವಡೆ ಹಲ್ಲೊಂದನ್ನು ಆಕೆ ಗುಂಡಿ ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ಮರುದಿನವೇ ಅದನ್ನು ಕೊಡಬೇಕಿತ್ತು.

"ಸಿಗರೇಟು ಸೇದಿ ಸತ್ತ ಅಂತ ಎಲ್ಲರೂ ಅಂತಾರೆ. ಕೊನೇ ದಿನ ನಾನೂ ಹಾಗೇ ಬೈದೆ. ಅದು ತಪ್ಪಾ ಅಂತ ಗೊತ್ತಾಗ್ಬೇಕು ಸಾರ್, ಅಷ್ಟೇ."

"ಹಲ್ಲಿನ ವಿಷಯ ಯಾರಿಗೆ ಗೊತ್ತಿತ್ತು?"

"ಒಡಹುಟ್ಟಿದವರಿಗೆ ಬಿಟ್ರೆ ಯಾರಿಗೂ ಹೇಳಿಲ್ಲ."

ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಸಿಕ್ಕ ಹಲ್ಲನ್ನು ಇನ್‌ಸ್ಪೆಕ್ಟರ್ ತಾವೇ ಪ್ರಯೋಗಾಲಯಕ್ಕೆ ಒಯ್ದರು. ಎರಡು ದೊಡ್ಡ ಅಯಸ್ಕಾಂತಗಳ ನಡುವಿನ ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಆ ಸದ್ದಿಗೆ ಅವರ ಕಣ್ಣು ಎಳೆಯತೊಡಗಿತು. ಡಾಕ್ಟರಮ್ಮನ ಮಾತು ಎಲ್ಲೋ ನೀರಿನಾಚೆಯಿಂದ ಕೇಳಿಸಿದಂತಿತ್ತು.

"ಮೂಳೆ ತನ್ನನ್ನ ತಾನೇ ಹೊಸದು ಮಾಡ್ಕೊಳ್ತಾ ಇರುತ್ತೆ ಸಾರ್. ಹಲ್ಲಿನ ಮೇಲಿನ ಎನಾಮಲ್ ಹಾಗಲ್ಲ. ಒಂದ್ಸಲ ಕಿರಣ ತಾಗಿದ್ರೆ ಗುರುತು ಉಳ್ಕೊಂಡೇ ಬಿಡುತ್ತೆ."

ಇನ್‌ಸ್ಪೆಕ್ಟರರ ನಾಲಿಗೆ ತನ್ನಷ್ಟಕ್ಕೇ ಹಲ್ಲಿನಿಂದ ಹಲ್ಲಿಗೆ ಹರಿದಾಡಿತು.

ಗುರುವಾರ ಮಧ್ಯಾಹ್ನ ಮೂರಕ್ಕೆ ವರದಿ ಬಂತು. ಬದಲಿ ಹಲ್ಲಿಗೂ ಕಿರಣ ತಾಗಿತ್ತು, ಸಾಮಾನ್ಯರಿಗಿಂತ ನಾಲ್ಕು ಪಟ್ಟು. ಬಾಯಿಯ ಎಕ್ಸ್‌ರೇಯಿಂದ ಅಷ್ಟು ಬರುವುದಿಲ್ಲ ಎಂದರು ಡಾಕ್ಟರಮ್ಮ. ಅಂದರೆ ಇದು ಅದೇ ಕಾರ್ಖಾನೆಯವರ ಬಾಯಿಯಿಂದ ಬಂದ ಹಲ್ಲು.

ಊರಿನ ದಂತವೈದ್ಯರನ್ನೆಲ್ಲ ವಿಚಾರಿಸಲು ಇನ್‌ಸ್ಪೆಕ್ಟರ್ ದಫೇದಾರನನ್ನು ಅಟ್ಟಿದರು. ಶುಕ್ರವಾರ ಮಧ್ಯಾಹ್ನ ಅವನು ಮಾಹಿತಿ ತಂದ, ತನ್ನದೊಂದು ಹಲ್ಲು ಅಲ್ಲೇ ಬಿಟ್ಟುಬಂದಿದ್ದ. ಹತ್ತಿ ಕಚ್ಚಿಕೊಂಡೇ ಹೇಳಿದ: "ಒಬ್ಬ ಗಟ್ಟಿ ಹಲ್ಲು ಕೀಳಿಸ್ಕೊಂಡಿದ್ದಾನೆ ಸಾರ್. ಡಾಕ್ಟ್ರು ಬೇಡ ಅಂದ್ರೂ ಕೇಳಿಲ್ಲ. ಹಲ್ಲು ನಂಗೇ ಕೊಡಿ ಅಂದನಂತೆ. ಉದ್ಯೋಗ ಅಂತ ಬ್ಯಾಡ್ಜ್ ಗುಮಾಸ್ತ ಅಂತ ಬರೆಸಿದ್ದಾನೆ."

ಇನ್‌ಸ್ಪೆಕ್ಟರ್ ಹೊಲಿಗೆಯಾಕೆಗೆ ಫೋನ್ ಮಾಡಿದರು. "ಕಾರ್ಖಾನೇಲಿ ಬ್ಯಾಡ್ಜ್ ನೋಡ್ಕೊಳ್ಳೋರು ಯಾರಮ್ಮ?"

"ನನ್ನ ತಮ್ಮ. ಯಾಕೆ ಸಾರ್?"

ಅವರು ಫೋನ್ ಇಟ್ಟು ಜೀಪು ತರಿಸಿದರು.

ನಾಲ್ಕು ಹತ್ತಕ್ಕೆ ಸಾಕ್ಷಿಗೆಂದು ಇಬ್ಬರು ಪಂಚರ ಸಮೇತ ಬ್ಯಾಡ್ಜ್ ಕೋಣೆಗೆ ಹೋದಾಗ ಸಂಜೆ ಬಿಸಿಲಲ್ಲಿ ಧೂಳು ತೇಲುತ್ತಿತ್ತು. ಗುಮಾಸ್ತ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಆ ಗೋಡೆಯಾಚೆಯೇ ವಿಕಿರಣದ ಪೆಟ್ಟಿಗೆಗಳನ್ನಿಡುವ ಕೋಣೆ.

"ಒಂದು ಹಲ್ಲಿನ ವಿಚಾರ," ಎಂದರು ಇನ್‌ಸ್ಪೆಕ್ಟರ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ಕೆನ್ನೆಗೆ ಹೋಯಿತು.

ತಾನಾಗಿಯೇ ಎದ್ದು ಮೂಲೆಯಲ್ಲಿದ್ದ, ಕಿರಣ ತೂರದ ಸೀಸದ ಪೆಟ್ಟಿಗೆ ತೆರೆದ. ಸಾಲಾಗಿ ಮಲಗಿದ್ದ ಬ್ಯಾಡ್ಜ್‌ಗಳ ಪಕ್ಕ, ಮಡಿಕೆ ಬಿಚ್ಚದ ಕಾಗದದ ಪೊಟ್ಟಣ.

"ತೆಗೆದು ನೋಡಿಲ್ವಾ?"

"ಧೈರ್ಯ ಬರಲಿಲ್ಲ ಸಾರ್. ಪೊಟ್ಟಣ ತಗೊಂಡೆ, ನನ್ನದನ್ನ ಇಟ್ಟೆ."

ಬೆಳ್ಳಿ ತುಂಬಿಸಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಪಂಚರ ಮುಂದೆ ಬಿಚ್ಚಿದಾಗ ಅದು ಬಿಸಿಲಿಗೆ ಹೊಳೆಯಿತು.

"ಬ್ಯಾಡ್ಜ್ ಈ ಪೆಟ್ಟಿಗೇಲಿ ಯಾಕಿದೆ?"

"ಜಾಸ್ತಿ ತೋರಿಸಿದ್ರೆ ಕೆಲಸ ನಿಲ್ಲುತ್ತೆ, ಒಳಗಿಡು ಅಂದ್ರು ಮೇಲಿನವರು. ದಿನಾ ಬೆಳಿಗ್ಗೆ ಭಾವ ನಗ್ತಾ ಬಿಚ್ಚಿ ಕೊಡೋರು. ನಾನು ಇಸ್ಕೊಂಡು ಇಡ್ತಿದ್ದೆ."

"ನಿಮ್ಮ ಹಲ್ಲೇ ಯಾಕೆ?"

"ನಾನು ಮೇಜಿನ ಹಿಂದೆ ಕೂತವನು. ನನ್ನದರಲ್ಲಿ ಸೊನ್ನೆ ಬರುತ್ತೆ ಅಂತ."

ಇನ್‌ಸ್ಪೆಕ್ಟರ್ ಅವನ ಬೆನ್ನ ಹಿಂದಿನ ಗೋಡೆಯನ್ನೇ ನೋಡಿದರು. ಹನ್ನೊಂದು ವರ್ಷ ಬ್ಯಾಡ್ಜ್‌ಗಳು ಸೀಸದ ಒಳಗಿದ್ದವು, ಇವನು ಹೊರಗಿದ್ದ. ನಾಲ್ಕು ಐವತ್ತಕ್ಕೆ ಬಂಧಿಸಿದರು. ಮೇಲಿನವರ ಮೇಲೆ ಬೇರೆಯೇ ಪ್ರಕರಣ ದಾಖಲಾಯಿತು.

ಹೇಳಿಕೆಯ ಕೊನೆಯಲ್ಲಿ ಅವನು ಬರೆಸಿದ್ದು ಇಷ್ಟು: ಭಾವ ಸೇದಿ ಸತ್ತರು ಎಂದು ಅಕ್ಕ ಬೈದುಕೊಂಡೇ ಇರಲಿ, ತಮ್ಮನೇ ಕೈಯಾರೆ ಕೊಂದ ಎಂದು ತಿಳಿಯುವುದಕ್ಕಿಂತ ಅದೇ ವಾಸಿ ಅನ್ನಿಸಿತು.

ಸೋಮವಾರ, ಅವನು ಇನ್ನೂ ಪೊಲೀಸ್ ಕಸ್ಟಡಿಯಲ್ಲಿದ್ದಾಗ, ಬೆಳ್ಳಿ ಹಲ್ಲಿನ ವರದಿ ಬಂತು: ಇಪ್ಪತ್ತೆರಡು ಪಟ್ಟು. ಹೊಲಿಗೆಯಾಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಕೇಳಿದಳು, "ಇನ್ನೊಂದರಲ್ಲಿ?"

ಇನ್‌ಸ್ಪೆಕ್ಟರ್ ಆ ಹಾಳೆಯನ್ನೂ ಅವಳತ್ತ ತಿರುಗಿಸಿದರು. ಓದಿ ಎದ್ದಳು, ಲಾಕಪ್ಪಿನ ಸರಳುಗಳ ಮುಂದೆ ನಿಂತಳು. ತಮ್ಮ ತಲೆಯೆತ್ತಲಿಲ್ಲ.

"ಬಾಯಿ ತೆಗಿ," ಎಂದಳು.

ಅವನು ತೆಗೆದ. ಸರಳಿನ ಸಂದಿಯಿಂದ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿ, ಖಾಲಿ ಜಾಗವನ್ನು ನೋಡಿದಳು.

"ಇವನ ರಕ್ತ ಪರೀಕ್ಷೆ ಮಾಡಿಸಿ ಸಾರ್," ಎಂದಳು ತಿರುಗದೆಯೇ. "ಇವತ್ತೇ."