ಎರಡು ಕೆಂಪು ಕುದುರೆಗಳ ಮರಿ

ಕುದುರೆಯೆಂದರೆ ತನಗೆ ಹೆದರಿಕೆ ಎಂಬುದನ್ನು ಪರಿಮಳಾ ದಿನಚರಿಯಲ್ಲಿ ಬಿಟ್ಟರೆ ಮತ್ತೆಲ್ಲಿಯೂ ಒಪ್ಪಿಕೊಂಡಿರಲಿಲ್ಲ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದವಳು, ಶಿರಸಿಯ ದನದ ದವಾಖಾನೆಗೆ ಹಂಗಾಮಿ ಸಹಾಯಕಿಯಾಗಿ ಸೇರಿ ಕೆಲವು ತಿಂಗಳಾಗಿತ್ತು. ಎಮ್ಮೆ, ಹೋರಿಗಳಿಗೆ ಅಂಜುತ್ತಿರಲಿಲ್ಲ. ಕುದುರೆ ಬಂತೆಂದರೆ ಮಾತ್ರ ಔಷಧದ ಕಪಾಟಿನ ಹಿಂದೆ ಏನನ್ನೋ ಹುಡುಕಲು ಹೋಗುತ್ತಿದ್ದಳು. ‘ಡಾಕ್ಟರಿಗೆ ಗೊತ್ತಾದರೆ ಮನೆಗೆ ಕಳಿಸುತ್ತಾರೆ’ ಎಂದು ಭಾನುವಾರ ಬರೆದಿಟ್ಟಳು. ಸೋಮವಾರ ಠಾಣೆಯಿಂದ ಕರೆ ಬಂತು.

೧೯೬೨ರ ಫೆಬ್ರವರಿ ೧೨. ಬನವಾಸಿಯ ಶುಂಠಿ ವ್ಯಾಪಾರಿ ಕಲ್ಲಯ್ಯ ಬೆಳಿಗ್ಗೆಯೇ ಬಂದು ಫಿರ್ಯಾದು ಕೊಟ್ಟಿದ್ದ: ಎರಡು ವರ್ಷದ ತನ್ನ ಬೂದು ಗಂಡು ಕುದುರೆಯನ್ನು ಶಿರಸಿಯ ಟಾಂಗಾವಾಲಾ ಜಲೀಲ್ ಹಿಂದಿನ ದಿನ ಪೇಟೆಯಲ್ಲಿ ಕಟ್ಟಿದ ಜಾಗದಿಂದ ಬಿಚ್ಚಿಕೊಂಡು ಹೋಗಿದ್ದಾನೆ. ಎಫ್.ಐ.ಆರ್. ದಾಖಲಾಯಿತು, ಕಳವಿನ ಕಲಂ ೩೭೯. ಮಧ್ಯಾಹ್ನದೊಳಗೆ ಹವಾಲ್ದಾರ ಮಡಿವಾಳಪ್ಪ ಜಲೀಲನನ್ನೂ ಕುದುರೆಯನ್ನೂ ತಂದು ನಿಲ್ಲಿಸಿದ. ಪಂಚನಾಮೆಗೆ ಕುದುರೆಯ ವಯಸ್ಸು, ಗುರುತು ಬೇಕು. ಡಾಕ್ಟರು ದನಗಳಿಗೆ ಚುಚ್ಚುಮದ್ದು ಹಾಕಲು ಯಲ್ಲಾಪುರಕ್ಕೆ ಹೋಗಿದ್ದರು. ಹೀಗಾಗಿ ಪರಿಮಳಾ ಠಾಣೆಯ ಜಗಲಿಯ ಕಂಬಕ್ಕೆ ಒತ್ತಿ ನಿಂತಿದ್ದಳು.

ಫೌಜದಾರ ಪರಮೇಶ್ವರಪ್ಪ ವಿಚಾರಣೆ ಶುರು ಮಾಡಿದ.

“ಬಿಚ್ಚಿದ್ದು ಹೌದಾ?”

“ಹೌದು ಸಾಹೇಬ್. ನನ್ದೇ ಅದು.”

“ನಿಂದು ಹೆಂಗ?”

“ಎರಡು ವರ್ಷದ ಹಿಂದೆ ಇಸಳೂರು ಬಯಲಲ್ಲಿ ನನ್ನ ಬಿಳಿ ಕುದುರೆ ಮೇಯ್ತಿತ್ತು. ಜೊತೆಗಿದ್ದ ಮರಿ ಕಳವಾಯ್ತು. ಹದಿನೈದು ದಿನದ್ದು. ಇಲ್ಲೇ ಬಂದು ಬರೆಸಿದ್ದೆ.”

ಪರಮೇಶ್ವರಪ್ಪ ಹಳೆಯ ಫಿರ್ಯಾದು ತರಿಸಿ ನೋಡಿದ. ಜಲೀಲ್ ಹೇಳಿದ್ದು ನಿಜ. ಆದರೆ ಅದರಲ್ಲಿದ್ದದ್ದು: ಗಂಡು ಮರಿ, ಬಣ್ಣ ಪೂರ್ತಿ ಕಪ್ಪು.

“ಇದು ಕಪ್ಪೇನು?”

“ಬಣ್ಣ ಹೋಗಿದೆ ಸಾಹೇಬ್. ಮುಖ ಮಾತ್ರ ತಾಯಿದೇ.”

“ಸೀರಿ ಏನೋ ಇದು, ಬಣ್ಣ ಬಿಡಾಕ?” ಮಡಿವಾಳಪ್ಪ ಗಹಗಹಿಸಿ ನಕ್ಕ.

“ಕುದುರೆ ಕಂಡ ಕೂಡಲೇ ಠಾಣೆಗೆ ಯಾಕ ಬರಲಿಲ್ಲ?” ಪರಮೇಶ್ವರಪ್ಪ ಕೇಳಿದ.

“ಬಂದಿದ್ದೆ ಸಾಹೇಬ್. ಹವಾಲ್ದಾರ್ ಸಾಬ್ ಹೀಗೇ ನಕ್ಕು ಕಳಿಸಿದ್ರು.”

ಮಡಿವಾಳಪ್ಪನ ನಗು ಅರ್ಧಕ್ಕೆ ನಿಂತಿತು.

ದನದ ತಕರಾರಿಗೆ ಈ ಸೀಮೆಯಲ್ಲಿ ಒಂದು ವಾಡಿಕೆಯಿದೆ. ಎರಡು ಹಸುಗಳನ್ನು ದೂರ ದೂರ ಕಟ್ಟಿ, ನಡುವೆ ಕರುವನ್ನು ಬಿಡುತ್ತಾರೆ. ಕರು ಯಾವ ಹಸುವಿನ ಹತ್ತಿರ ಹೋಗುತ್ತದೋ ಆ ಹಸುವಿನ ಯಜಮಾನ ಗೆದ್ದ. ಕಲ್ಲಯ್ಯನೇ ಅದನ್ನು ಕೇಳಿದ, ಜಲೀಲನೂ ಒಪ್ಪಿದ. ಮರುದಿನ ಬನವಾಸಿಯಿಂದ ಕಲ್ಲಯ್ಯನ ಕೆಂಪು ಹೆಣ್ಣು ಕುದುರೆ ಬಂತು. ಠಾಣೆಯ ಹಿಂದಿನ ಬಯಲಿನ ಒಂದು ತುದಿಗೆ ಅದು, ಇನ್ನೊಂದು ತುದಿಗೆ ಜಲೀಲನ ಬಿಳಿ ಕುದುರೆ. ಪಂಚರು ಬಂದು ನಿಂತರು, ಅವರ ಹಿಂದೆ ಪರಿಮಳಾ. ಜಲೀಲನನ್ನು ಲಾಕಪ್ಪಿನಿಂದ ಹೊರಗೆ ತಂದರು.

ಹಗ್ಗ ಬಿಚ್ಚಿದರು. ಬೂದು ಕುದುರೆ ಒಮ್ಮೆ ಕಿವಿ ನಿಮಿರಿಸಿ, ನೇರ ಓಡಿಹೋಗಿ ಕೆಂಪು ಕುದುರೆಯ ಹೊಟ್ಟೆಗೆ ಮೂತಿ ತಿಕ್ಕಿತು.

ಜಲೀಲ್ ತನ್ನ ಬಿಳಿ ಕುದುರೆಯ ಕೊರಳಿಗೆ ಮುಖವೊತ್ತಿದ. ಇನ್ನು ಮ್ಯಾಜಿಸ್ಟ್ರೇಟರ ಮುಂದೆ, ಅಲ್ಲಿಂದ ಜೈಲಿಗೆ. ಅಲ್ಲಿದ್ದವರಿಗೆಲ್ಲ ಅದು ಖಚಿತವಾಗಿತ್ತು.

“ಬರಕೋರಿ,” ಎಂದ ಪರಮೇಶ್ವರಪ್ಪ ಪಂಚರಿಗೆ. ಆಮೇಲೆ ಪಂಚನಾಮೆ ಪೂರ್ತಿಯಾಗಲೆಂದು ಕಲ್ಲಯ್ಯನನ್ನು ಕೇಳಿದ: “ಇದರ ತಂದಿ ಯಾವುದು?”

“ನಮ್ಮ ಮನೀದರೀ. ಅದೂ ಕೆಂಪ. ತಾಯಿ ಕೆಂಪು, ತಂದಿ ಕೆಂಪು, ಇಡೀ ಬನವಾಸಿಗೆ ಗೊತ್ತೈತಿ. ಬ್ಯಾರೆ ಕುದುರಿ ಹತ್ರಕ್ಕ ಸುಳಿದಿಲ್ಲ.”

ಪರಿಮಳಾ ಪಕ್ಕದಲ್ಲಿದ್ದ ಮಡಿವಾಳಪ್ಪನಿಗಷ್ಟೇ ಕೇಳುವಂತೆ ಏನೋ ಪಿಸುಗುಟ್ಟಿದಳು.

“ಗಟ್ಟಿ ಹೇಳ್ರೀ ಅಕ್ಕಾರ. ಏನು? ಆಗೂದಿಲ್ಲ?” ಮಡಿವಾಳಪ್ಪ ಬಯಲಿಗೆಲ್ಲ ಕೇಳುವಂತೆ ಕೂಗಿದ. “ಸಾಹೇಬ್ರ, ಅದು ಹಂಗ ಹುಟ್ಟಾಕ ಆಗೂದಿಲ್ಲಂತರೀ!”

ಪರಮೇಶ್ವರಪ್ಪ ಅವಳನ್ನು ಜಗಲಿಗೆ ಕರೆದ. “ಏನು ಆಗೂದಿಲ್ಲ?”

“ಎರಡು ಕೆಂಪು ಕುದುರೆಗೆ ಬೂದು ಮರಿ ಹುಟ್ಟೂದಿಲ್ಲೆ ಸರ್.” ಅವಳು ನೆಲ ನೋಡುತ್ತಲೇ ಹೇಳಿದಳು. “ಬೂದು ಮಾಡೋ ಗುಣ ಒಳಗೆ ಅಡಗಿ ಕೂರೂದಲ್ಲ. ಇದ್ರೆ ಮೈಮೇಲೆ ಕಂಡೇ ಕಾಣ್ತದೆ. ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಾದ್ರೂ ಬೂದೋ ಬಿಳಿಯೋ ಇರಲೇಬೇಕು.”

“ಜಲೀಲನ ಮರಿ ಕಪ್ಪಿತ್ತು.”

“ಅಂಥ ಮರಿ ಹುಟ್ಟುವಾಗ ಬೂದಿರೂದಿಲ್ಲೆ ಸರ್. ಕಪ್ಪೋ ಕೆಂಪೋ ಇರ್ತದೆ, ವರ್ಷ ಹೋದ ಹಾಗೆ ನರೆಯುತ್ತದೆ. ಜಲೀಲ್ ಸಾಬರ ಬಿಳಿ ಕುದುರೆಯೂ ಹುಟ್ಟುವಾಗ ಬಿಳಿ ಇದ್ದಿರಲಿಕ್ಕಿಲ್ಲ.”

“ನನಗ ನಲವತ್ತಕ್ಕ ಮೀಸಿ ನರೀತು,” ಎಂದ ಹಿಂದೆಯೇ ಬಂದಿದ್ದ ಮಡಿವಾಳಪ್ಪ. “ಇದಕ್ಕ ಎರಡಕ್ಕನ?”

“ಯಾರು ಹೇಳಿದ್ದು ಇದನ್ನ?” ಪರಮೇಶ್ವರಪ್ಪ ಕೇಳಿದ.

“ಓದಿದ್ದು.”

“ಓದಿದ್ದನ್ನ ಕೋರ್ಟಿನಾಗ ನಿಲ್ಲಿಸಾಕ ಬರೂದಿಲ್ಲ. ಕಣ್ಣಿಗೆ ತೋರಿಸ್ರಿ.”

ಹಾಗೆಂದರೆ ಮುಟ್ಟಬೇಕು. ಅಂಗೈಯ ಬೆವರನ್ನು ಸೆರಗಿಗೆ ಒರೆಸಿಕೊಂಡು ಪರಿಮಳಾ ಬಯಲಿಗಿಳಿದಳು. ಬೂದು ಕುದುರೆ ತಲೆ ಕೊಡವಿದಾಗ ಕಣ್ಣು ಮುಚ್ಚಿದಳು, ಕೈ ಮಾತ್ರ ತೆಗೆಯಲಿಲ್ಲ. ಕುತ್ತಿಗೆಯ ಕೂದಲನ್ನು ಬಿಡಿಸಿದಳು. ಅಲ್ಲಿ, ಮೊಣಕಾಲ ಕೆಳಗೆ, ಬಾಲದ ಬುಡದಲ್ಲಿ, ಬೂದಿನ ನಡುವೆ ಅಚ್ಚ ಕಪ್ಪು ಇನ್ನೂ ಉಳಿದಿತ್ತು. ಕೆಂಪು ಕೂದಲು ಒಂದೂ ಇರಲಿಲ್ಲ.

“ಕೆಂಪಿಗೆ ಕೆಂಪು ಕೂಡಿದರೆ ಕಪ್ಪೂ ಹುಟ್ಟೂದಿಲ್ಲೆ,” ಎಂದು ಮೆಲ್ಲಗೆ ಸೇರಿಸಿದಳು.

ಪರಮೇಶ್ವರಪ್ಪ ಆ ಕಪ್ಪು ಕೂದಲನ್ನು ತಾನೇ ಬಿಡಿಸಿ ನೋಡಿದ. “ಹಂಗಾದ್ರ ಕೆಂಪು ಕುದುರಿ ಹೆತ್ತ ಮರಿ ಎಲ್ಲೈತಿ?” ಎಂದ ಕೊನೆಗೆ, ತನ್ನಷ್ಟಕ್ಕೆ.

೧೪ರ ಬೆಳಿಗ್ಗೆ ಕಲ್ಲಯ್ಯನನ್ನೂ ಪಂಚರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಪರಮೇಶ್ವರಪ್ಪ ಬನವಾಸಿಗೆ ಹೋದ. ಕಲ್ಲಯ್ಯನ ಮನೆಯಾಳು ಬೈರ ಲಾಯದ ಸೆಗಣಿ ಬಾಚುತ್ತಿದ್ದ.

“ಎರಡು ವರ್ಷದ ಹಿಂದ ಕೆಂಪು ಕುದುರಿ ಎಷ್ಟು ಮರಿ ಹಾಕಿತು?”

“ಒಂದರೀ.”

“ಬಣ್ಣ?”

ಬೈರ ಯಜಮಾನನ ಕಡೆ ನೋಡಿದ.

“ಅವನ್ನ ನೋಡಬ್ಯಾಡ. ನನ್ನ ನೋಡಿ ಹೇಳು.”

“ಕೆಂಪರೀ.”

“ಎಲ್ಲೈತಿ ಅದು?”

ಬೈರ ಗದ್ದೆಯಂಚಿನ ಅನಾನಸು ಸಾಲಿನ ಕಡೆ ಕೈ ತೋರಿಸಿದ. ಪಂಚರ ಸಮಕ್ಷಮ ಅಗೆದಾಗ ಸಿಕ್ಕಿದ್ದು ಪುಡಿಯಾದ ಎಲುಬು, ಮತ್ತು ನೆಲವನ್ನು ಒಮ್ಮೆಯೂ ತುಳಿಯದ ಎಳೆಯ ಗೊರಸು. ಪಂಚನಾಮೆಗೆ ಸಹಿಗಳು ಬಿದ್ದವು. ಕಲ್ಲಯ್ಯನ ದಸ್ತಗಿರಿಯಾಯಿತು.

ಹಿಂದಿರುಗುವಾಗ ಜೀಪಿನಲ್ಲಿ ಕಲ್ಲಯ್ಯ ತಾನಾಗಿಯೇ ಮಾತಾಡಿದ.

“ಸತ್ತ ಮರಿ ಹುಟ್ತರೀ. ಮೂರು ದಿನ ತಾಯಿ ಒಂದ ಸವನ ಒದರಿತು. ಹುಲ್ಲು ಮುಟ್ಟಲಿಲ್ಲ, ಕೆಚ್ಚಲು ಕಲ್ಲಾಗಿತ್ತು. ಶಿರಸಿಯಿಂದ ಗಾಡಿ ಹೊಡಕೊಂಡು ಬರುವಾಗ ದಾರ್ಯಾಗ ಇಸಳೂರು ಬಯಲಾಗ ಆ ಮರಿ ಒಂದ ನಿಂತಿತ್ತು. ಎತ್ತಿ ಹಾಕ್ಕೊಂಡೆ. ತಂದು ಮುಂದ ಬಿಟ್ಟೆ. ನೆಕ್ಕಿತರೀ.”

“ಆಮ್ಯಾಲಾದ್ರೂ ಕೊಡಬಹುದಿತ್ತು.”

“ಯಾವಾಗ ಕೊಡಲಿರೀ? ಹಾಲು ಕುಡೀತಿತ್ತು.”

“ಕದ್ದವ ನೀನ. ಠಾಣೆಗೆ ಬಂದು ಫಿರ್ಯಾದು ಕೊಡೂ ಧೈರ್ಯ ಹೆಂಗ ಬಂತು?”

“ಜಲೀಲ ಬಿಚ್ಚಿಕೊಂಡು ಹೋದ್ಮ್ಯಾಲ ಕೆಂಪು ಕುದುರಿ ಮತ್ತ ಒದರಾಕ ಹತ್ತಿತ್ತರೀ,” ಎಂದ ಕಲ್ಲಯ್ಯ.

ಸಂಜೆ ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದು ಜಲೀಲನನ್ನು ಬಿಟ್ಟರು. ಮುಚ್ಚಳಿಕೆ ಬರೆಸಿಕೊಂಡು ಬೂದು ಕುದುರೆಯನ್ನು ಅವನ ವಶಕ್ಕೆ ಕೊಟ್ಟರು. ಅವನು ಹಗ್ಗ ಹಿಡಿದು ಅಂಗಳದ ಬಾಗಿಲು ದಾಟುವಷ್ಟರಲ್ಲಿ ಬಯಲಿನಿಂದ ಕೆಂಪು ಕುದುರೆ ಕೂಗಿತು. ಬೂದು ಕುದುರೆ ಕಾಲೂರಿ ನಿಂತು ಹಿಂತಿರುಗಿ ನೋಡಿತು.

“ಚಲ್ ಬೇಟಾ,” ಜಲೀಲ್ ಹಗ್ಗ ಜಗ್ಗಿದ. “ಅದು ಸುಳ್ಳು ತಾಯಿ.”

ಮಡಿವಾಳಪ್ಪ ನಕ್ಕ. ಪಂಚರೂ ನಕ್ಕರು. ಕೈಕೋಳದಲ್ಲಿದ್ದ ಕಲ್ಲಯ್ಯ ತಲೆ ತಗ್ಗಿಸಿದ.

“ಸುಳ್ಳಲ್ಲ!”

ಇಡೀ ಅಂಗಳಕ್ಕೆ ಕೇಳಿದ ಆ ಸ್ವರ ಪರಿಮಳಾಳದು. ಎಲ್ಲರೂ ತಿರುಗಿ ನೋಡಿದರು. ಅವಳು ಕಂಬ ಬಿಟ್ಟು ಮುಂದೆ ಬಂದಿದ್ದಳು.

“ಸುಳ್ಳಲ್ಲ ಜಲೀಲ್ ಸಾಬರೇ. ಅದನ್ನ ಬದುಕಿಸಿದ್ದು ಆ ಕುದುರೆಯ ಹಾಲು.”