ಕಿರಿಸೊಸೆಯ ಪಾಲು

"ನಾನು ಉಸಿರಾಡ್ತಿರುವಾಗ್ಲೇ ಉಯಿಲು ಬರೆಸ್ಬಿಡ್ತೀನಿ ಕಣ್ಲಾ ಗಿರಿ. ನಾಳೆ ಬಂಗಾರಪೇಟೆಗೆ ಓಗಾನ. ಮುಂದಿನ ಮನೆ, ಒಲ ನಿಂಗೆ. ಇತ್ತಲ ಬಾಗ್ಲ ಕಡೆ ಎರಡು ಕೋಣೆ, ಕೊಟ್ಟಿಗೆ ಅಂಬಿಕಂಗೆ."

ಚಿಕ್ಕವೆಂಕಟಮ್ಮ ಹಿರಿಮಗನಿಗೆ ಹೇಳಿದ ಮಾತು ಕೇಳಿ, ಮುದ್ದೆ ತಿರುವುತ್ತಿದ್ದ ಹಿರಿಸೊಸೆ ಶ್ಯಾಮಲಳ ಕೈ ನಿಂತೇಹೋಯಿತು. ಆ ಮನೆ, ಹೊಲ ಎರಡೂ ಅತ್ತೆಯ ಸ್ವಂತ ಸಂಪಾದನೆ. ಹಾಲು ಮಾರಿ ಕೊಂಡದ್ದು. ಅದರಲ್ಲಿ ಪಾಲು ಕೇಳಲು ಯಾರಿದ್ದಾರೆ ಎಂದುಕೊಂಡಿದ್ದಳು ಅವಳು. ಕಿರಿಮಗ ಸುಧಾಕರ್ ಮೂರು ವರ್ಷದ ಹಿಂದೆ ಎದೆನೋವೆಂದು ಕುಳಿತವನು ಮತ್ತೆ ಏಳಲೇ ಇಲ್ಲ. ಉಳಿದವಳು ಅವನ ಹೆಂಡತಿ ಅಂಬಿಕ ಒಬ್ಬಳೇ...

"ಗಂಡ ಇಲ್ಲ, ಮಕ್ಕಳಿಲ್ಲ, ಅವಳಿಗೆ ಮನೆ ಯಾತಕ್ಕೆ ಅತ್ತೆ? ನಾಳೆ ಅವಳ ಅಣ್ತಮ್ಮಂದಿರು ಬಂದು ಕೂತ್ಕೊಂಡ್ರೆ? ಈ ಮನೆ ರಕ್ತ ಅವಳಲ್ಲಿ ಏನೈತೆ?"

ಹುಲ್ಲಿನ ಹೊರೆ ಹೊತ್ತು ಹಿತ್ತಲ ಬಾಗಿಲಿಗೆ ಬಂದಿದ್ದ ಅಂಬಿಕಳಿಗೆ ಎಲ್ಲವೂ ಕೇಳಿಸಿತು. ಅವಳು ಹೊರೆ ಇಳಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಟ್ಟೆಯ ಚೀಲ ಹಿಡಿದು ಅತ್ತೆಯ ಎದುರು ನಿಂತಳು.

"ನಂಗೇನೂ ಬ್ಯಾಡ ಅತ್ತೆ... ಮುಳಬಾಗಿಲಿಗೆ, ಅಣ್ಣನ ಮನೆಗೆ ಓಗ್ತೀನಿ. ನನ್ನಿಂದ ಜಗಳ ಬ್ಯಾಡ."

"ಬ್ಯಾಡ ಅನ್ನಕ್ಕೆ ನೀನ್ಯಾರೇ?" ಮುದುಕಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅಸು ಕರೆಯಾಕೆ ನೀನು, ಡೈರಿಗೆ ಆಲು ಆಕಾಕೆ ನೀನು, ನಾನು ಆಸ್ಪತ್ರೇಲಿ ಬಿದ್ದಿದ್ದಾಗ ಪಕ್ಕದಾಗೆ ಕೂತಿದ್ದೋಳು ನೀನು! ಸುಧಾಕರ ಓದ. ನೀನೂ ಓದ್ರೆ ನನ್ನ ಕಣ್ಣೆದುರು ಅವನದು ಅಂತ ಏನೈತೆ?"

ಅಂಬಿಕ ಅಲ್ಲೇ ಕುಸಿದು ಅತ್ತಳು. ಗಿರಿಗೆ ಮಾತ್ರ ಬೇರೆಯೇ ಸಂಕಟ. "ಅಮ್ಮಾ, ನಾನೇನು ಅವಳನ್ನ ಬೀದಿಗೆ ಆಕ್ತೀನಾ? ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಎಂದ. ತಾಯಿ ಅಂಬಿಕಳ ಚೀಲವನ್ನು ಒಳಗೆ ತೆಗೆದುಕೊಂಡು ಹೋದಳು.

ಮರುದಿನ ಬಂಗಾರಪೇಟೆಯ ನೋಂದಣಿ ಕಚೇರಿಯ ಎದುರು ಪತ್ರ ಬರೆಯುವ ಆದಿನಾರಾಯಣ ಎಲ್ಲವನ್ನೂ ಬಿಡಿಸಿ ಹೇಳಿದ. ಬರೆಸದೆ ಹೋದರೆ ಆಸ್ತಿ ಪೂರ್ತಿ ಗಿರಿಗೇ ಸೇರುತ್ತದೆ. ಮಕ್ಕಳಿಲ್ಲದ ವಿಧವೆ ಸೊಸೆಗೆ ಏನೂ ಬರುವುದಿಲ್ಲ. ಬರೆಸಿದರೂ, ಅಮ್ಮ ಇರುವವರೆಗೆ ಎಲ್ಲ ಅಮ್ಮನದೇ; ಮನಸ್ಸು ಬದಲಾದರೆ ಮತ್ತೆ ಬರೆಸಬಹುದು.

"ಬದಲಾಗೋ ವಯಸ್ಸೇನಪ್ಪಾ ಇದು!" ಎಂದು ಚಿಕ್ಕವೆಂಕಟಮ್ಮ ನಕ್ಕಳು.

ಸಾಕ್ಷಿ ಹಾಕಲು ಗಿರಿಯೇ ಮುಂದೆ ಬಂದ. ಪಾಲು ಪಡೆಯುವವರು ಸಾಕ್ಷಿ ಹಾಕದಿರುವುದೇ ಒಳ್ಳೆಯದು ಎಂದು ಆದಿನಾರಾಯಣ ತಡೆದ. ಜೊತೆಗೆ ಬಂದಿದ್ದ ಪಕ್ಕದ ಮನೆಯ ರಾಧಾಮಣಿ, ಡೈರಿಯ ಕುಪ್ಪುಸ್ವಾಮಿ ಸಹಿ ಹಾಕಿದರು. ಮುದುಕಿ ಹೆಬ್ಬೆಟ್ಟು ಒತ್ತಿದಳು. ಗಿರಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

"ಊರಿಗಾಂಗೆ ನನ್ನ ಕರ್ಕೊಂಡೋಗು ಕಣ್ಲಾ," ಎಂದಳು ತಾಯಿ, ಹೊರಗೆ ಬಂದೊಡನೆ.

ಆಟೋ ಊರಿಗಾಂನಲ್ಲಿ, ಚಿನ್ನದ ಗಣಿಯ ಕೆಲಸಗಾರರಿಗೆಂದು ಕಟ್ಟಿದ್ದ ಹಳೆಯ ಲೈನುಮನೆಗಳ ಎದುರು ನಿಂತಿತು. ಎಷ್ಟೋ ಮನೆಗಳ ಮಾಡು ಕುಸಿದಿತ್ತು. ಮುದುಕಿಯ ಕಣ್ಣು ಮಾತ್ರ ಹೊಳೆಯುತ್ತಿತ್ತು! "ಇಲ್ಲೇ ಕಣ್ಲಾ ನೀನು ಅಂಬೆಗಾಲಿಟ್ಟಿದ್ದು! ಈ ನಲ್ಲಿ ತಾವ ತಮಿಳಾಗೆ, ತೆಲುಗಾಗೆ, ಕನ್ನಡದಾಗೆ ಜಗಳ ಆಡ್ತಿದ್ವಿ. ಸಾಯಂಕಾಲಕ್ಕೆ ಅವರ ಮನೆ ಸಾರು ನಮಗೆ, ನಮ್ಮನೆ ಮುದ್ದೆ ಅವರಿಗೆ. ಶಿಫ್ಟಿನ ಸೈರನ್ ಕೂಗಿದ್ರೆ ನಾನು ಒಲೆ ಮೇಲೆ ನೀರು ಇಡಾಕಿಲ್ಲ, ಅಷ್ಟ್ರಲ್ಲಿ ನಿಮ್ಮಪ್ಪ ಬಂದು ಈ ಮೆಟ್ಟಿಲ ಮೇಲೆ ಕೂತಿರಾನು. ಮೈಯೆಲ್ಲ ಗಣಿಯ ಧೂಳು, ನಗು ಮಾತ್ರ ಬೆಳ್ಳಗೆ..."

ಅವಳ ಗಂಡ ಮುನಿಸ್ವಾಮಪ್ಪ ಗಣಿಯ ಸಂಬಳದಲ್ಲಿ ಊರಲ್ಲಿ ಜಮೀನು ಕೊಂಡದ್ದು ಅಣ್ಣನ ಹೆಸರಿನಲ್ಲಿ. ಬರೆಸಿಕೋ ಎಂದರೆ, ನಮ್ಮಣ್ಣ ಮೋಸ ಮಾಡ್ತಾನಾ ಎಂದು ನಗುತ್ತಿದ್ದ. ಅಣ್ಣ ಮೋಸ ಮಾಡಲಿಲ್ಲ. ಆದರೆ ಇಬ್ಬರೂ ಒಂದೇ ವರ್ಷ ತೀರಿಕೊಂಡರು. ಅಣ್ಣನ ಮಕ್ಕಳು ಜಮೀನಿನಲ್ಲಿ ನಿಮಗೇನೂ ಇಲ್ಲವೆಂದು ಕೈಯಾಡಿಸಿಬಿಟ್ಟರು. ಗಣಿ ಕಂಪನಿಯವರು ಈ ಮನೆ ಖಾಲಿ ಮಾಡಿಸಿದರು.

"ನಿಮ್ಮನ್ನಿಬ್ಬರನ್ನೂ ಕರ್ಕೊಂಡು ಇಲ್ಲೇ, ಈ ರಸ್ತೆ ಮೇಲೆ ನಿಂತಿದ್ದೆ ಕಣ್ಲಾ... ನಿನ್ನ ಮೇಲೆ ನಂಬಿಕೆ ಐತೆ ಗಿರಿ. ಆಯಸ್ಸಿನ ಮೇಲೆ ಯಾರಿಗಪ್ಪಾ ನಂಬಿಕೆ?"

ಗಿರಿ ಆ ಮೆಟ್ಟಿಲ ಮೇಲೆಯೇ ಕುಳಿತು ಮಗುವಿನಂತೆ ಅತ್ತುಬಿಟ್ಟ. ಅಪ್ಪನ ಮುಖ ಅವನಿಗೆ ಅಷ್ಟಾಗಿ ನೆನಪಿರಲಿಲ್ಲ. ಅಂದು ಮೊದಲ ಸಲ ಅಪ್ಪ ಪಕ್ಕದಲ್ಲೇ ಕುಳಿತಂತಾಯಿತು.

ಮನೆಗೆ ಬಂದವನೇ ಶ್ಯಾಮಲಳನ್ನು ಕರೆದ. "ಮುಂದಿನ ವಾರ ನಾನೂ ಬರೆಸ್ತೀನಿ, ನನ್ನ ಪಾಲಿಗೆ ಬರೋದನ್ನೆಲ್ಲ ನಿನ್ನ ಹೆಸರಿಗೆ. ನಾನಿಲ್ಲದ ದಿನ ನಿನ್ನನ್ನ ಯಾರೂ ಹೊರಗೆ ಓಗು ಅನ್ನಬಾರದು."

"ಅಂಥ ಮಾತು ಆಡಬೇಡ್ರಿ!" ಅವಳು ಓಡಿಬಂದು ಅವನ ಬಾಯಿ ಮುಚ್ಚಿದಳು. ಗಂಡನಿಲ್ಲದ ಮನೆಯಲ್ಲಿ ತಾನೊಬ್ಬಳೇ ನಿಂತ ಚಿತ್ರ ಕ್ಷಣಮಾತ್ರ ಕಣ್ಣೆದುರು ಬಂದುಹೋಯಿತು. ಆ ಚಿತ್ರದೊಳಗೇ ಮೂರು ವರ್ಷದಿಂದ ಬದುಕುತ್ತಿರುವವಳು ಹಿತ್ತಲಲ್ಲಿದ್ದಳು...

ಶ್ಯಾಮಲ ಕೊಟ್ಟಿಗೆಗೆ ಹೋದಳು. ಅಂಬಿಕ ಹಾಲು ಕರೆಯಲು ಕುಳಿತಿದ್ದಳು. ಕರು ಕೆಚ್ಚಲಿಗೆ ನುಗ್ಗುತ್ತಿತ್ತು.

"ಅಂಬಿಕ... ನಿನ್ನೆ ನಾನು ಆಡಿದ ಮಾತು..." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಂಬಿಕ ತಲೆಯೆತ್ತಿ ನೋಡಿದಳು. ಅವಳ ಕಣ್ಣೂ ತುಂಬಿತ್ತು.

"ಬನ್ನಿ ಅಕ್ಕಾ," ಎಂದಳು ಮೆಲ್ಲಗೆ, "ಒಸಿ ಕರು ಇಡ್ಕೊಳ್ಳಿ."