ಒಂಬತ್ತನೇ ತಾಳೆಮರದ ಗಿಡ

"ಅಯ್ಯೋ, ನಿಲ್ಸಿ! ಮೊದಲು ಆ ಮಚ್ಚು ಕೆಳಗಿಳಿಸಿ!"

ಅವಳ ಕೂಗಿಗೆ ಲೈಬ್ರರಿಯೊಳಗೆ ಪೇಪರ್ ಓದುತ್ತಿದ್ದವರೆಲ್ಲ ಕಿಟಕಿಗೆ ಬಂದರು. ಅಂಗಳದ ಹದಿನಾಲ್ಕು ತಾಳೆಮರಗಳ ಸಾಲಿನಲ್ಲಿ ಒಂಬತ್ತನೆಯದಕ್ಕೆ ಒರಗಿಸಿದ್ದ ಏಣಿಯ ತುದಿಯಲ್ಲಿ ಉದ್ದನೆಯ ಆಳೊಬ್ಬ ನಿಂತಿದ್ದ.

"ಯಾಕ್ರೀ? ಬಂದಳಿಕೆ ಬೆಳ್ಕೊಂಡಿದೆ, ತೆಗೀತಿದ್ದೀನಿ. ನೋಡಿ, ಅರ್ಧ ಒಣಗೇ ಹೋಗಿದೆ."

"ಒಣಗಿಲ್ಲ! ಆ ಕಂದು ಎಲೆಗಳೇ ಗಿಡಾನ ಹಿಡ್ಕೊಂಡಿರೋದು. ಬಂದಳಿಕೆನೂ ಅಲ್ಲ, ಅದು ಜಿಂಕೆಕೊಂಬಿನ ಜರೀಗಿಡ. ಮರದ ಒಂದು ಹನಿ ರಸಾನೂ ಕುಡಿಯಲ್ಲ. ಸುಮ್ನೆ ತಬ್ಕೊಂಡಿರುತ್ತೆ, ಅಷ್ಟೆ!"

ಹೇಳಿದ ಮೇಲೆ ಅವಳ ಕಿವಿ ಬಿಸಿಯಾಯಿತು.

ಅವನು ಗಿಡವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ತಬ್ಕೊಂಡಿರೋರನ್ನ ಬಿಡಿಸೋ ಪಾಪ ನನಗ್ಯಾಕೆ?" ಎಂದು ನಗುತ್ತಾ ಇಳಿದ.

'ಮಾತು ನೋಡು... ಏಣಿಗಿಂತ ಉದ್ದ!'

ಅವಳು ಆ ಲೈಬ್ರರಿಯ ತೋಟ ನೋಡಿಕೊಳ್ಳುವವಳು. ಮೊದಲು ಅವಳ ಅಪ್ಪ ಅಲ್ಲೇ ಮಾಲಿಯಾಗಿದ್ದರು. ಆ ಗಿಡ ಅಂಗೈಯಗಲ ಇದ್ದಾಗ ಮರಕ್ಕೆ ಕಟ್ಟಿದವರು ಅವರೇ, ಅವಳು ಹುಟ್ಟಿದ ವರ್ಷ, ಮೂವತ್ತು ವರ್ಷಗಳ ಹಿಂದೆ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಗಿಡ ಮಾತ್ರ ಕವಲೊಡೆದ ಕೊಂಬುಗಳಂಥ ಎಲೆಗಳನ್ನು ಚಾಚಿ, ದೊಡ್ಡ ಬುಟ್ಟಿಯಷ್ಟಾಗಿ ಬೆಳೆದಿತ್ತು.

ಅವನು ಮರ ಏರಿ ಗರಿ ಕತ್ತರಿಸುವವನು. ಎಲ್ಲರ ಬಾಯಲ್ಲೂ ಅವನ ಹೆಸರು 'ಏಣಿ'.

ಮುಂದಿನ ವಾರ ಏಣಿ ತಾನಾಗಿಯೇ ಬಂದ. "ಮೇಡಂ, ಅಂಥದ್ದನ್ನ ಉಳಿದ ಮರಗಳಿಗೂ ಕಟ್ಟಬಹುದಾ?"

ದೊಡ್ಡ ಗಿಡವನ್ನು ಅಪ್ಪ ಕಟ್ಟಿದ ಕಥೆ ಹೇಳುತ್ತಾ, ಅದರ ಪಕ್ಕದ ಮರಿಗಳನ್ನು ಅವಳು ಬಿಡಿಸಿಕೊಟ್ಟಳು. ಬೇರಿಗೆ ಒದ್ದೆ ಪಾಚಿ ಹೊದಿಸಿ ಮರಕ್ಕಿಟ್ಟು, ಹಳೇ ಬಟ್ಟೆಯ ಪಟ್ಟಿಯಿಂದ ಕಟ್ಟುವುದನ್ನು ಕಲಿಸಿದಳು. ಅವನು ಮೊಳೆ ತೆಗೆದದ್ದೇ ತಡ, ಕೈ ಹಿಡಿದು ತಡೆದಳು.

"ತಾಳೆಮರಕ್ಕೆ ಆದ ಗಾಯ ಮಾಯಲ್ಲ ಕಣ್ರೀ."

ಅವನು ಮೊಳೆಯನ್ನು ಜೇಬಿಗೆ ಹಾಕಿಕೊಂಡ. ಅವಳು ಕೈ ಬಿಡುವುದನ್ನು ತುಸು ಮರೆತಳು...

"ಇದು ಮರ ಹಿಡ್ಕೊಳ್ಳೋಕೆ ಎಷ್ಟು ದಿನ ಬೇಕು?"

"ಆರು ತಿಂಗಳಾದ್ರೂ ಬೇಕು."

"ಹಾಗಾದ್ರೆ ವಾರವಾರ ಬಂದು ನೋಡ್ಕೋಬೇಕು."

"ನಿಮ್ಮ ಕೆಲಸ ತಿಂಗಳಿಗೊಂದ್ಸಲ ಅಲ್ವಾ?"

"ಗರಿ ಕೆಲಸ ತಿಂಗಳಿಗೊಂದ್ಸಲ. ಇದು ಬೇರೆ ಕೆಲಸ!"

ಹೀಗೇ ಹದಿನಾಲ್ಕು ಮರಗಳಿಗೂ ಗಿಡ ಬಂತು. ಅವನು ಬರುವ ಮಂಗಳವಾರ ಬಂತೆಂದರೆ ಅವಳ ಕಣ್ಣು ಗೇಟಿನ ಕಡೆಗೇ ಇರುತ್ತಿತ್ತು.

ಅಷ್ಟರಲ್ಲಿ ಅಕ್ಕನಿಗೆ ಆಪರೇಷನ್ ಆಗಿ ಹೆರಿಗೆಯಾಯಿತು. ಅವಳು ಐದು ದಿನ ಅಕ್ಕನ ಊರಿಗೆ ಹೋದಳು. ಮರಳಿ ಬಂದಾಗ ಗೇಟಿನಲ್ಲೇ ಕಾಲು ನಿಂತುಬಿಟ್ಟಿತು.

ಹದಿನಾಲ್ಕೂ ಮರಗಳು ಬೋಳು! ಒಂಬತ್ತನೆಯದರ ಮೇಲೆ ಬರೀ ಒಂದು ಮಾಸಲು ಗುರುತು.

"ಮರಗಳ ಸುಳಿಗೆ ದುಂಬಿ ಬಿದ್ದಿದೆ, ಔಷಧಿ ಹೊಡೀಬೇಕು ಅಂತ ಆಫೀಸಿಂದ ಆರ್ಡರ್ ಬಂತಮ್ಮ," ಎಂದರು ಲೈಬ್ರರಿಯನ್. "ನೀನು ಹೋದ ಮಾರನೇ ಬೆಳಿಗ್ಗೆ ಏಣಿಯೇ ಬಂದು ಎಲ್ಲಾನೂ ಕಿತ್ತು, ತಳ್ಳುಗಾಡೀಲಿ ಹಾಕ್ಕೊಂಡು ಹೋದ."

ಅವಳು ಅಲ್ಲೇ ನಿಂತು ಏಣಿಗೆ ಫೋನ್ ಮಾಡಿದಳು.

"ಮೇಡಂ, ಬಂದ್ರಾ? ನಾನೇ..."

"ಅಪ್ಪನ ಗಿಡ ಅಂತ ಗೊತ್ತಿತ್ತಲ್ಲ? ಗೊತ್ತಿದ್ದೂ ಕಿತ್ತು ಬಿಸಾಕಿದ್ರಲ್ಲ! ಇನ್ಮೇಲೆ ಈ ಕಡೆ ತಲೆ ಹಾಕ್ಬೇಡಿ!"

ಕರೆ ಕತ್ತರಿಸಿ ನಂಬರನ್ನೂ ಬ್ಲಾಕ್ ಮಾಡಿದಳು. ಆಮೇಲೆ ನೀರಿನ ಪೈಪು ಹಿಡಿದು ಅತ್ತಳು. ಗಿಡಕ್ಕಾಗಿ ಎಷ್ಟು, ಅವನಿಗಾಗಿ ಎಷ್ಟು ಎಂಬುದು ಅವಳಿಗೇ ತಿಳಿಯಲಿಲ್ಲ.

ಮೂರನೇ ದಿನ ಒಬ್ಬ ಹಿರಿಯ ಹೆಂಗಸು ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ನನ್ನ ಮಗ ಏಣೀನ ಬೈದವಳು ನೀನೇ ಏನಮ್ಮ?"

"ಅದು... ಅಮ್ಮಾ..."

"ಅವನು ಊಟ ಬಿಟ್ಟಿದಾನೆ ಅಂತೇನೂ ಹೇಳೋಕೆ ಬಂದಿಲ್ಲ. ಚೆನ್ನಾಗೇ ತಿಂತಿದಾನೆ. ಆದ್ರೆ ನನಗೆ ಬಟ್ಟೆ ಒಣಗಿಸೋಕೆ ಜಾಗ ಇಲ್ಲ! ಬಾ, ನಿನ್ನ ಕಾಡನ್ನ ನೀನೇ ನೋಡು."

ಎರಡು ಬೀದಿಯಾಚೆ, ಮೂರನೇ ಮಹಡಿಯ ತಾರಸಿ. ಅವಳು ಆ ಹೆಂಗಸಿನ ಹಿಂದೆ ಮೆಟ್ಟಿಲು ಹತ್ತಿ ಬಂದಳು.

ಹಳೇ ಸೀರೆಗಳ ನೆರಳಿನ ಕೆಳಗೆ ಹದಿನಾಲ್ಕೂ ಗಿಡಗಳಿದ್ದವು! ಒಂದೊಂದೂ ಹಲಗೆಗೆ ಮೆತ್ತಗೆ ಕಟ್ಟಿಸಿಕೊಂಡಿತ್ತು. ಪ್ರತಿಯೊಂದಕ್ಕೂ ಒಂದು ಚೀಟಿ, ವಕ್ರವಕ್ರ ಅಕ್ಷರ: 'ನಾಲ್ಕನೇ ಮರ, ಪೂರ್ವಕ್ಕೆ ಮುಖ.' 'ಹನ್ನೊಂದನೇ ಮರ, ಸ್ವಲ್ಪ ಕೋಪಿಷ್ಠೆ, ನೀರು ಜಾಸ್ತಿ ಬೇಡ.'

ನೀರು ಚಿಮುಕಿಸುತ್ತಿದ್ದವನು ತಿರುಗಿದ.

"ಔಷಧಿ ತಾಗಿದ್ರೆ ಸುಟ್ಟು ಹೋಗ್ತಿದ್ವು," ಎಂದ ಮೆಲ್ಲಗೆ.

"ನನಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮುಂದಿನ ಬಸ್ಸಿಗೇ ಓಡಿ ಬರ್ತಿದ್ರಿ. ಅಕ್ಕನ ಹತ್ರ ನೆಮ್ಮದಿಯಾಗಿರ್ಲಿ, ಬರೋದ್ರೊಳಗೆ ವಾಪಸ್ ಕಟ್ಟಿಬಿಡೋಣ ಅಂದ್ಕೊಂಡೆ. ಮಳೆ ಬಂದು ಔಷಧಿ ಹೊಡೆಯೋದೇ ತಡ ಆಯ್ತು. ಆಮೇಲೆ ಹೇಳೋಕೆ... ನೀವು ಬಾಯಿ ಬಿಡೋಕೆ ಬಿಟ್ರಾ?"

ಅವಳು ತಲೆ ತಗ್ಗಿಸಿದಳು. "ಏನೇನೋ ಅಂದ್ಬಿಟ್ಟೆ. ತಪ್ಪಾಯ್ತು..."

ಅವನು ಜೇಬಿನಿಂದ ಮಡಚಿದ ಕಾಗದ ತೆಗೆದು ಬಿಚ್ಚಿದ. ಒಳಗೆ ನೀಲಿ ಪಟ್ಟೆಯ ಟೆರಿಲಿನ್ ಬಟ್ಟೆಯ ತುಂಡೊಂದಿತ್ತು.

"ದೊಡ್ಡ ಗಿಡ ಬಿಡಿಸುವಾಗ ಬೇರಿನೊಳಗೆ ಸಿಕ್ತು. ಕಟ್ಟಿದ ಗಂಟು ಹಾಗೇ ಇದೆ. ಬಿಚ್ಚೋಕೆ ಮನಸ್ಸು ಬರ್ಲಿಲ್ಲ."

ಅಪ್ಪನ ಶರಟು! ಗಂಟಿನ ಮೇಲೆ ಬೆರಳಿಟ್ಟು ಅವಳು ಬಿಕ್ಕಿದಳು. ಅಳು ಮುಗಿಯುವವರೆಗೂ ಅವನು ಪಕ್ಕದಲ್ಲೇ ನಿಂತ.

"ಔಷಧಿ ಕೆಲಸ ಮುಗೀತು, ನಾಳೆ ಇದನ್ನ ಮತ್ತೆ ಮರಕ್ಕೆ ಕಟ್ಟಬೇಕು," ಎಂದ ಕೊನೆಗೆ. "ಹೊಸ ಪಟ್ಟಿ ಬೇಕು. ನನ್ನ... ನನ್ನ ಶರ್ಟ್ ಹರೀಲಾ?"

ಅವಳು ಮುಖವೆತ್ತಿದಳು.

"ಒಂದ್ಸಲ ಕಟ್ಟಿದ್ರೆ ಮೂವತ್ತು ವರ್ಷ ಬಿಚ್ಚೋ ಹಾಗಿಲ್ಲ. ಗೊತ್ತಲ್ಲ?"

"ಗೊತ್ತಿದ್ದೇ ಕೇಳ್ತಿದ್ದೀನಿ."

ಅವಳು ಕಣ್ಣೊರೆಸಿಕೊಂಡಳು.

"ಹರಿದುಬಿಡು."

"ಏನಂದ್ರಿ?"

"'ಹರಿದುಬಿಡಿ' ಅನ್ನೋಕೆ ಇನ್ಮೇಲೆ ನನ್ನ ಕೈಲಾಗಲ್ಲ!"

ಅವನ ಮುಖದ ತುಂಬ ನಗು.

"ಹಾಗಾದ್ರೆ... ಇನ್ನೊಂದ್ಸಲ ಹೇಳು."